ಎಣ್ಣೆ ಹಾಕಿದ ಕಿಟಕಿ

ಫೆಬ್ರವರಿ 3, ಸೋಮವಾರ

ಸುಳ್ಳು. ಶುದ್ಧ ಸುಳ್ಳು. ಹೊಟ್ಟೆಯೊಳಗೆ ಕುದಿಯುವುದನ್ನು ಎಲ್ಲಾದರೂ ಬಗ್ಗಿಸದಿದ್ದರೆ ನಾನೇ ಸಿಡಿದುಹೋಗುತ್ತೇನೆ. ಅದಕ್ಕೇ ಇವತ್ತಿನಿಂದ ಬರೆಯುತ್ತೇನೆ. ನಾನು ಪುಟ ಮಡಿಸುವ ಪ್ರೆಸ್ಸಿನಿಂದ ತಂದ ಕೆಟ್ಟ ಹಾಳೆಗಳ ಹಿಂಬದಿಯಲ್ಲಿ. ಅಪ್ಪ ನೋಡಿದರೆ ಇವಳ ಕರಪತ್ರಗಳ ಕಂತೆ ಅಂದುಕೊಂಡು ಸುಮ್ಮನಾಗುತ್ತಾರೆ.

ನಮ್ಮ ಬೀದಿಯಲ್ಲಿ ಧಾರಾವಾಹಿ ತೆಗೆಯುತ್ತಿದ್ದಾರೆ. ಅರವತ್ತು ವರ್ಷದ ಹಿಂದಿನ ಬಡ ಸಂಸಾರವೊಂದರ ಕಥೆಯಂತೆ. ಊರೆಲ್ಲ ಹುಡುಕಿ ಕಡೆಗೆ ನಮ್ಮ ಬೀದಿಯನ್ನು ಆರಿಸಿದರು. ಎದುರುಮನೆಯ ಗುಂಡಿ ಅಜ್ಜಿ, ಅಂಗಿಗಳಿಗೆ ಗುಂಡಿ ಹೊಲಿದುಕೊಟ್ಟು ಬದುಕುವವಳು, ಅದಕ್ಕೆ ಹೇಳಿದ್ದು: "ಬೇರೆ ಕಡೆ ಹಳೇ ಕಾಲನ ಲಾರೀಲಿ ತರಿಸ್ಬೇಕು ಕಣೇ. ನಮ್ಮಲ್ಲಿ ಅದು ಎದ್ದು ಹೋಗೇ ಇಲ್ಲ!"

ಪ್ರೆಸ್ಸಿನಲ್ಲಿ ಈಗ ಕೆಲಸ ಕಡಿಮೆ. ಹಾಗಾಗಿ ನಾನು ಧಾರಾವಾಹಿಯ ಬಟ್ಟೆ ವಿಭಾಗಕ್ಕೆ ಸೇರಿದ್ದೇನೆ. ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ನನ್ನ ಕೆಲಸ. ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು, ಚಹಾದ ನೀರಲ್ಲಿ ಅದ್ದಬೇಕು, ಹರಿದು ಮತ್ತೆ ತೇಪೆ ಹಾಕಬೇಕು. ಬಡತನವನ್ನು ಕೈಯಿಂದ ತಯಾರಿಸುವುದಕ್ಕೂ ಒಂದು ವಿಭಾಗವಿದೆ ಅಂತ ನನಗೆ ಗೊತ್ತಿರಲಿಲ್ಲ.

ಇವತ್ತು ಜಗಳದ ದೃಶ್ಯದ ತಾಲೀಮು. ಗಂಡ ಕುಡಿದು ತೂರಾಡುತ್ತ ಬರುತ್ತಾನೆ. ಪಾತ್ರೆಗಳನ್ನು ಎಸೆಯುತ್ತಾನೆ, ಬೀದಿಯೆಲ್ಲ ಕೇಳುವಂತೆ ಕಿರುಚುತ್ತಾನೆ. ಹೆಂಡತಿ ತಲೆಗೂದಲು ಬಿಚ್ಚಿಕೊಂಡು ಗೋಳಾಡುತ್ತಾಳೆ. ಬಡವ ಅಂದರೆ ಕುಡುಕ! ಇವರಿಗೆ ಗೊತ್ತಿರುವುದು ಅಷ್ಟೇ. ಇದು ದುಡಿಯುವ ವರ್ಗಕ್ಕೆ ಮಾಡುವ ಅಪಮಾನ.

ನಮ್ಮಪ್ಪ ಒಂದು ಹನಿ ಮುಟ್ಟಿದವರಲ್ಲ. ಬೀಗದ ಮೇಸ್ತ್ರಿ ಎಂದರೆ ಬೀದಿಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಭಾನುವಾರ ಬೆಳಿಗ್ಗೆ ಎಣ್ಣೆ ಶೀಶೆ, ಒಂದು ಕೋಳಿಗರಿ ಹಿಡಿದು ಮನೆಮನೆಗೂ ಹೋಗಿ ಬಾಗಿಲು, ಕಿಟಕಿಗಳ ಕೀಲುಗಳಿಗೆ ಎಣ್ಣೆ ಹಾಕಿಬರುತ್ತಾರೆ, ಪುಕ್ಕಟೆಯಾಗಿ. ನಮ್ಮ ಬೀದಿಯ ಒಂದು ಕಿಟಕಿಯೂ ಕಿರುಗುಟ್ಟುವುದಿಲ್ಲ. ಇಂಥವರನ್ನು ತೋರಿಸಲಿ ನೋಡೋಣ.

ಅಪ್ಪ ಬರುವ ಹೊತ್ತಾಯಿತು. ಚಪ್ಪಲಿ ಬಿಡುವ ಸದ್ದು ಇವತ್ತು ಯಾವ ಬಗೆಯದೋ ಕೇಳಿಕೊಳ್ಳಬೇಕು. ನಿಲ್ಲಿಸುತ್ತೇನೆ.

ಫೆಬ್ರವರಿ 5, ಬುಧವಾರ

ಇವತ್ತು ನಿರ್ದೇಶಕರ ಎದುರು ನಿಂತು ಮಾತಾಡಿದೆ! ದಪ್ಪ ಕನ್ನಡಕದ, ಒಳ್ಳೆಯ ಮನುಷ್ಯ. ಬಟ್ಟೆ ವಿಭಾಗದ ದರ್ಜಿ ಅಕ್ಕ ನನ್ನ ಸೆರಗು ಹಿಡಿದು ಜಗ್ಗುತ್ತಿದ್ದಳು. ನಾನು ಬಿಡಲಿಲ್ಲ.

"ಸಾರ್, ಬಡವರ ಮನೇಲಿ ಪಾತ್ರೆ ಎಸೆಯಲ್ಲ. ನೆಗ್ಗಿದ ಪಾತ್ರೇಲಿ ಮಾರನೇ ದಿನ ಅಡುಗೆ ಮಾಡೋರು ಯಾರು?"

ಅವರು ನಕ್ಕರು. "ಸರಿ. ಮತ್ತೆ ಹೇಗೆ ನಡೆಯುತ್ತೆ, ನೀನೇ ಹೇಳು."

"ಯಾರೂ ಕಿರುಚಲ್ಲ. ಗೋಡೆ ಆಚೆ ಕೆಮ್ಮಿದ್ರೂ ಈಚೆ ಕೇಳುತ್ತೆ. ಕಿರುಚಿದ್ರೆ ಮರ್ಯಾದೆ ಹೋಗುತ್ತೆ. ಮೊದ್ಲು ಕಿಟಕಿ ಮುಚ್ಚುತ್ತೆ. ಆಮೇಲೆ ಎಲ್ಲಾ ಪಿಸುಮಾತಲ್ಲೇ ನಡೆಯುತ್ತೆ."

"ಕಿಟಕಿ ಗಂಡ ಮುಚ್ತಾನಾ?"

"ಇಲ್ಲ ಸಾರ್. ಅವಳೇ ಎದ್ದು ಮುಚ್ತಾಳೆ."

ನಿರ್ದೇಶಕರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. ಕುಡುಕತನ, ಪಾತ್ರೆ, ಕಿರುಚಾಟ ಎಲ್ಲವನ್ನೂ ಹೊಡೆದುಹಾಕಿದರು. ಸತ್ಯ ಗೆದ್ದಿತು. ಒಬ್ಬ ಪ್ರೆಸ್ಸಿನ ಹುಡುಗಿ ಎದ್ದು ನಿಂತರೆ ಇಡೀ ಸುಳ್ಳಿನ ಗೋಡೆ ಹೇಗೆ ಉದುರುತ್ತದೆ ನೋಡಿ.

ಮತ್ತೊಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ನಾನು ಹೇಳಿದ್ದು ಸಮಾಜದ ಬಗ್ಗೆ. ಯಾವುದೇ ಒಂದು ಮನೆಯ ಬಗ್ಗೆ ಅಲ್ಲ.

ದರ್ಜಿ ಅಕ್ಕ ತನ್ನ ಲೋಟದ ಚಹಾವನ್ನು ನನ್ನ ಮುಂದಿಟ್ಟು ಹೋದಳು.

ಫೆಬ್ರವರಿ 9, ಭಾನುವಾರ

ಎಂಥ ಒಳ್ಳೆಯ ದಿನ! ಗಂಡನ ಪಾತ್ರ ಮಾಡುವ ನಟ ಬೆಳಿಗ್ಗೆ ನಮ್ಮ ಮನೆಗೇ ಬಂದ. ಎತ್ತರದ ಆಳು, ಆದರೆ ಇರುವೆಗೂ ದಾರಿ ಬಿಡುವಂಥ ಸ್ವಭಾವ. ಅಪ್ಪ ಬೀದಿಯ ಕೀಲುಗಳಿಗೆ ಎಣ್ಣೆ ಹಾಕುವುದನ್ನು ಕಳೆದ ವಾರ ನೋಡಿದ್ದನಂತೆ.

"ಮೇಸ್ತ್ರಿಗಳೇ, ನನ್ನ ಪಾತ್ರಕ್ಕೆ ಕೈಗೊಂದು ಕೆಲಸ ಬೇಕು. ಆ ಗರಿ ಹಿಡಿಯೋದು ಕಲಿಸ್ತೀರಾ?"

ಅಪ್ಪನ ಮುಖ ನೋಡಬೇಕಿತ್ತು. ನಮ್ಮ ಕಿಟಕಿಯ ಹತ್ತಿರ ಅವನನ್ನು ಕೂರಿಸಿಕೊಂಡು ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಕಲಿಸಿದರು.

"ಗರಿ ಮೆತ್ತಗಿರ್ಬೇಕು. ಎಣ್ಣೆ ಒಂದೇ ಹನಿ. ಹೆಚ್ಚಾದ್ರೆ ಧೂಳು ಕೂರುತ್ತೆ. ಈಗ ನಿಧಾನಕ್ಕೆ ಹಾಕಿ ತೆಗಿ, ಹಾಕಿ ತೆಗಿ. ಹಾಂ! ಪಕ್ಕದಲ್ಲಿ ಮಗು ಮಲಗಿದ್ರೂ ಎಚ್ಚರ ಆಗ್ಬಾರದು, ಹಂಗಿರ್ಬೇಕು ಕೀಲು."

"ನೀವು ಬಿಟ್ರೆ ಇಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಬಿಡಿ," ಅಂದ ನಟ.

"ಕೈ ತೊಳ್ಕೊಂಡು ಊಟಕ್ಕೆ ಕೂತ್ಕೊ. ನಟನಂತೆ ನಟ! ನಮ್ಮನೇಲಿ ಉಣ್ಣದೆ ಹೋಗ್ತೀಯಾ?" ಅಪ್ಪ ಗದರಿದರು. ಎಲ್ಲರೂ ನಕ್ಕೆವು. ಅಮ್ಮನೂ ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಅವಳ ಕೆಳಗಿನ ಹಲ್ಲೊಂದು ಇಲ್ಲವೆಂಬುದು ನನಗೆ ಮರೆತೇಹೋಗಿತ್ತು.

ಇಂಥ ದಿನಗಳಲ್ಲಿ ಅಪ್ಪನಂಥ ಅಪ್ಪ ಯಾರಿಗೂ ಇಲ್ಲ. ಇಂಥ ದಿನಗಳು ಎಷ್ಟೋ ಇವೆ. ಅದನ್ನೂ ತೋರಿಸಬೇಕು, ತೋರಿಸದಿದ್ದರೆ ಅದೂ ಸುಳ್ಳೇ.

ಫೆಬ್ರವರಿ 13, ಗುರುವಾರ

ಅಮ್ಮ ಕೆನ್ನೆಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಹಲ್ಲುನೋವು ಅಂದಳು. ನಾನೂ ಹಲ್ಲುನೋವು ಎಂದೇ ಬರೆಯುತ್ತೇನೆ.

ದುಡಿಮೆಯೆಂಬ ಗಾಣ ಗಂಡಸನ್ನು ಹಿಂಡುತ್ತದೆ ಎಂದು ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದೆ. ಹಿಂಡಿಸಿಕೊಂಡವನು ಮನೆಗೆ ಬಂದು ಏನು ಮಾಡುತ್ತಾನೆ, ಅದನ್ನು ಯಾರು ಸಹಿಸಬೇಕು ಅನ್ನುವುದು ಮುಂದಿನ ಪುಟದಲ್ಲಿ ಇದ್ದಿರಬೇಕು. ಪ್ರೆಸ್ಸಿನಲ್ಲಿ ನಾನು ಮಡಿಸುತ್ತಿದ್ದುದು ಮೊದಲ ನಾಲ್ಕು ಪುಟ ಮಾತ್ರ. ಉಳಿದದ್ದು ಪಕ್ಕದ ಮೇಜಿನವಳ ಪಾಲು. ಅವಳಿಗೆ ಓದಲು ಬರುವುದಿಲ್ಲ.

ಫೆಬ್ರವರಿ 18, ಮಂಗಳವಾರ

ಇವತ್ತು ಆ ದೃಶ್ಯ ತೆಗೆದರು. ಮೊದಲು ಬೆಳಗಿನ ಭಾಗ. ನಟ ಕಿಟಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗರಿಯಿಂದ ಎಣ್ಣೆ ಹಾಕುತ್ತಾನೆ. ಅಪ್ಪನೇ. ತಲೆ ಓರೆ ಮಾಡುವುದು, ಹೆಚ್ಚಿನ ಎಣ್ಣೆಯನ್ನು ಹೆಬ್ಬೆರಳಲ್ಲಿ ಒರೆಸಿ ಮೊಣಕಾಲಿಗೆ ಸವರಿಕೊಳ್ಳುವುದು, ಎಲ್ಲವೂ. ಕೆಲಸದವರು ಭೇಷ್ ಅಂದರು. ನನಗೂ ಹೆಮ್ಮೆಯಾಯಿತು. ಎಂಥ ಮೂರ್ಖಳು ನಾನು!

ಆಮೇಲೆ ಸಂಜೆಯ ಭಾಗ. ಗಂಡ ಒಳಗೆ ಬಂದು ಕೂರುತ್ತಾನೆ. ಏನೂ ಅನ್ನುವುದಿಲ್ಲ. ತಾಯಿಯ ಪಾತ್ರದಾಕೆ ಅವನ ಮುಖ ನೋಡುತ್ತಾಳೆ, ಕೈ ಒರೆಸಿಕೊಂಡು ಎದ್ದು ಹೋಗಿ ಅದೇ ಕಿಟಕಿಯನ್ನು ಮುಚ್ಚುತ್ತಾಳೆ. ಸದ್ದೇ ಇಲ್ಲ. ಬೆಳಿಗ್ಗೆ ಎಣ್ಣೆ ಹಾಕಿದ್ದು ಯಾಕೆ ಅನ್ನುವುದು ನೋಡುವವರಿಗೆ ಆಗ ತಿಳಿಯುತ್ತದೆ.

ನನಗೂ ಆಗಲೇ ತಿಳಿದದ್ದು.

ಕಿಟಕಿಯನ್ನು ನಾನು ಕೊಟ್ಟೆ. ಗರಿಯನ್ನು ಅಪ್ಪ ಕೊಟ್ಟರು. ಎರಡನ್ನೂ ಒಟ್ಟಿಗೆ ಇಟ್ಟರೆ ಅದು ಅರವತ್ತು ವರ್ಷದ ಹಿಂದಿನ ಯಾರ ಮನೆಯೂ ಅಲ್ಲ. ಈ ಬೀದಿಯಲ್ಲಿ ಕೋಳಿಗರಿ ಹಿಡಿಯುವ ಮೇಸ್ತ್ರಿ ಒಬ್ಬರೇ.

ದೃಶ್ಯ ಮುಗಿದ ಮೇಲೆ ಆ ನಟ ತಾಯಿಯ ಪಾತ್ರದಾಕೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ: "ಏಟು ತಗುಲ್ಲಿಲ್ಲ ತಾನೇ? ನಿಜ ಹೇಳಿ. ತಗುಲ್ಲಿಲ್ಲ ತಾನೇ?" ಇಡೀ ದಿನದಲ್ಲಿ ಆ ಪ್ರಶ್ನೆಯೊಂದೇ ಸುಳ್ಳು ಅನ್ನಿಸಿತು.

ಫೆಬ್ರವರಿ 19, ಬುಧವಾರ

ನಿರ್ದೇಶಕರ ಹತ್ತಿರ ಹೋಗಿದ್ದೆ.

"ಸಾರ್, ಆ ಭಾಗ ತೆಗೆದುಬಿಡಿ."

"ಯಾಕಮ್ಮಾ? ಇಡೀ ಕಥೇಲಿ ಅದೇ ಚೆನ್ನಾಗಿ ಬಂದಿರೋದು. ನಿಜ ತೋರ್ಸಿ ಅಂತ ಜಗಳಕ್ಕೆ ಬಂದವಳು ನೀನೇ ಅಲ್ವಾ?"

"ಹೌದು."

"ಸುಳ್ಳಾ ಅದು?"

"ಅಲ್ಲ."

"ಮತ್ತೆ?"

"ಗರಿ ಒಂದನ್ನಾದ್ರೂ ತೆಗೀರಿ ಸಾರ್."

"ಗರಿ ತೆಗೆದ್ರೆ ಉಳಿಯೋದು ಬರೀ ಕಿಟಕಿ," ಅಂದು ನನ್ನ ಬೆನ್ನು ತಟ್ಟಿದರು. ಪಾಪ, ಮೆಚ್ಚುಗೆಯಿಂದ ತಟ್ಟಿದ್ದು. ನಾನು ಮುಗ್ಗರಿಸಿದ ಹಾಗೆ ಪಕ್ಕಕ್ಕೆ ಸರಿದೆ. ಅವರು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು. ಅವರಿಗೆ ಏನಾದರೂ ಹೊಳೆಯುವ ಮೊದಲೇ ಓಡಿಬಂದೆ.

ಮಾರ್ಚ್ 20, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಮರೆತುಹೋಗಬಹುದು, ಕಂಪನಿ ಮುಳುಗಬಹುದು, ಏನಾದರೂ ಆಗಬಹುದು ಅಂದುಕೊಂಡಿದ್ದೆ.

ಏಪ್ರಿಲ್ ಎರಡನೇ ತಾರೀಕು ಮೊದಲ ಭಾಗ ಬರುತ್ತದೆ. ಬೀದಿಯವರಿಗೆ ಕೃತಜ್ಞತೆಗಾಗಿ ಇಲ್ಲೇ, ಬೀದಿಯ ನಡುವೆ ದೊಡ್ಡ ಪರದೆ ಕಟ್ಟಿ ಎಲ್ಲರಿಗೂ ಒಟ್ಟಿಗೆ ತೋರಿಸುತ್ತಾರಂತೆ. ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾರೆ: "ನನ್ನ ಕೈಚಳಕ ಬರುತ್ತೆ, ನೋಡಿ. ಆ ಹುಡುಗನಿಗೆ ನಾನೇ ಕಲಿಸಿದ್ದು." ಮುಂದಿನ ಸಾಲಿನಲ್ಲಿ ಕೂರಲು ಮನೆಯ ಕುರ್ಚಿಗೆ ಹೊಸ ಮೊಳೆ ಹೊಡೆದು ಭದ್ರ ಮಾಡಿಕೊಂಡಿದ್ದಾರೆ.

ಮೊಳೆ ಹೊಡೆಯುವಾಗ ಒಂದೊಂದು ಪೆಟ್ಟಿಗೂ ನಾನು ಕಣ್ಣು ಮುಚ್ಚುತ್ತಿದ್ದೆ. "ಏನೇ, ಸುತ್ತಿಗೆಗೆ ಹೆದರ್ತೀಯಾ? ಕ್ರಾಂತಿ ಮಾಡೋಳು!" ಅಂದು ಅಪ್ಪ ನಕ್ಕರು. ನಾನೂ ನಕ್ಕೆ.

ಮಾರ್ಚ್ 28, ಶುಕ್ರವಾರ

ಅಮ್ಮನಿಗೆ ಹೇಳಿಬಿಟ್ಟೆ. ಅಪ್ಪ ಅಂಗಡಿಗೆ ಹೋದ ಮೇಲೆ, ಅವಳು ಬಟ್ಟೆ ಹಿಂಡುತ್ತಿದ್ದಾಗ. ಪರದೆಯ ಮೇಲೆ ಏನು ಬರುತ್ತದೆ, ಅದು ಹೇಗೆ ಅಲ್ಲಿಗೆ ಹೋಯಿತು, ಎಲ್ಲವನ್ನೂ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ಹಿಂಡುತ್ತಲೇ ಇತ್ತು. ನೀರೆಲ್ಲ ಹೋದ ಮೇಲೂ ಹಿಂಡುತ್ತಿತ್ತು.

"ನೀನು ಮಲಗಿರ್ತಿದ್ದೆ ಅಂದ್ಕೊಂಡಿದ್ದೆ," ಅಂದಳು. "ಒಂದು ಸಲಾನೂ ಮಲಗಿರ್ಲಿಲ್ವಾ?"

ಅಷ್ಟೇ ಕೇಳಿದ್ದು. ನಾನು ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ ಇಬ್ಬರೂ ಸೇರಿ ಬಟ್ಟೆ ಒಣಹಾಕಿದೆವು.

ಕೈಗಡಿಯಾರದ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿಲ್ಲ ಎಂಬುದನ್ನು ಅಮ್ಮನಿಗೆ ತಿಳಿಸಬೇಕಿತ್ತು. ಅಪ್ಪ ಮೊದಲು ಗಡಿಯಾರ ಬಿಚ್ಚಿ ಗೂಡಿನಲ್ಲಿಡುತ್ತಾರೆ, ಗಾಜು ಒಡೆಯಬಾರದೆಂದು. ಕಿಟಕಿಗಿಂತ ಅದು ಮೊದಲು. ಅದನ್ನಾದರೂ ನಾನು ಯಾರಿಗೂ ಕೊಟ್ಟಿಲ್ಲ.

ಏಪ್ರಿಲ್ 2, ಬುಧವಾರ

ಎಲ್ಲವನ್ನೂ ಬರೆಯುತ್ತೇನೆ.

ಬೀದಿ ತುಂಬ ಜನ. ಗುಂಡಿ ಅಜ್ಜಿ ಒರಳುಕಲ್ಲಿನ ಮೇಲೆ ದಿಂಬು ಹಾಕಿಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು. ಮೂಲೆಮನೆಯ ಬೇಕರಿ ಅಕ್ಕ, ಗಂಡನ ಜೊತೆ ಬ್ರೆಡ್ ಸುಡುವವಳು, ಹಿಟ್ಟಿನ ಕೈ ತೊಳೆಯದೆ ಬಂದಿದ್ದಳು. ಅಪ್ಪ ಮುಂದಿನ ಸಾಲಿನಲ್ಲಿ. ನಾನು ಮತ್ತು ಅಮ್ಮ ಅವರ ಹಿಂದೆ. ನನಗೆ ಕಾಣುತ್ತಿದ್ದುದು ಪರದೆ ಮತ್ತು ಅಪ್ಪನ ಕುತ್ತಿಗೆ.

ಗರಿ ಬಂದಾಗ ಶಿಳ್ಳೆ, ಚಪ್ಪಾಳೆ. "ಮೇಸ್ತ್ರೀ! ನೀವೇ! ಥೇಟು ನೀವೇ!" ಅಪ್ಪ ಎದ್ದು ಎಲ್ಲರಿಗೂ ಕೈ ಮುಗಿದರು.

ಆಮೇಲೆ ಸಂಜೆ ಬಂತು. ಪರದೆಯ ಮೇಲೆ ಅವಳು ಕೈ ಒರೆಸಿಕೊಂಡು ಎದ್ದಳು. ಕಿಟಕಿ ಮುಚ್ಚಿದಳು.

ಚಪ್ಪಾಳೆ ಹೊಡೆದ ಕೈಗಳು ಎಲ್ಲಿಗೆ ಹೋದವೋ. ಯಾರಾದರೂ "ಇದೆಲ್ಲ ಸುಳ್ಳು, ಹೀಗೂ ಉಂಟೇ" ಅನ್ನಲಿ ಎಂದು ನಾನು, ನಾನೇ, ಬೇಡಿಕೊಂಡೆ. ಒಬ್ಬರೂ ಅನ್ನಲಿಲ್ಲ. ಬೇಕರಿ ಅಕ್ಕ ಪರದೆ ಬಿಟ್ಟು ತಿರುಗಿ ತನ್ನ ಮನೆಯ ಕಿಟಕಿಯನ್ನು ನೋಡಿದಳು. ನೀರಿನ ತೊಟ್ಟಿ ಹತ್ತಿರ ನಿಂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಅವರವರ ಕಿಟಕಿ ನೋಡಿಕೊಂಡರು. ಆಮೇಲೆ ಒಬ್ಬರನ್ನೊಬ್ಬರು.

ಅಪ್ಪನ ಕುತ್ತಿಗೆ ಅಲುಗಲಿಲ್ಲ.

ಮುಗಿದ ಮೇಲೆ ನಿರ್ದೇಶಕರು ಬಂದು ಹೇಗಿತ್ತು ಎಂದು ಕೇಳಿದರು. ಅಪ್ಪ ನಗುನಗುತ್ತಲೇ ಹೇಳಿದರು: "ಎಲ್ಲಾ ಸರಿಯಾಗಿದೆ ಸಾರ್. ಎಣ್ಣೆ ಒಂದು ಹನಿ ಹೆಚ್ಚಾಯ್ತು."

ಮನೆಗೆ ಬಂದು ಕುರ್ಚಿಯನ್ನು ಅದರ ಜಾಗದಲ್ಲಿ ಇಟ್ಟು, ನನ್ನ ಕಡೆ ನೋಡದೆ, "ಭಾನುವಾರ ಮಾತಾಡೋಣ. ವಾರದ ದಿನ ನಂಗೆ ಕೆಲಸ ಇರುತ್ತೆ," ಅಂದರು. ನನಗೋ ಅಮ್ಮನಿಗೋ ತಿಳಿಯಲಿಲ್ಲ.

ಏಪ್ರಿಲ್ 3, ಗುರುವಾರ

ಅಪ್ಪ ಹೊರಟ ಕೂಡಲೇ ಅಮ್ಮ ಬಿಸಿನೀರು ಸೋಪು ಹಾಕಿ ಕಿಟಕಿಯ ಕೀಲುಗಳನ್ನು ತಿಕ್ಕಿ ತೊಳೆದಳು. ಆಮೇಲೆ ಒದ್ದೆ ಬಟ್ಟೆಯನ್ನು ಅವಕ್ಕೆ ಸುತ್ತಿ ಅಪ್ಪ ಬರುವತನಕ ಹಾಗೇ ಬಿಟ್ಟಳು. ಪಕ್ಕದಲ್ಲಿ ಉಪ್ಪಿನ ಡಬ್ಬಿ ತೆರೆದಿತ್ತು.

"ಏನಮ್ಮಾ ಅದು?"

"ಒರೆಸ್ತಿದೀನಿ."

ಮನೆ ಬೀಳುವ ಹೊತ್ತಿಗೆ ಕಿಟಕಿ ಒರೆಸುವವರನ್ನು ಏನೆನ್ನಬೇಕು. ಭಯಕ್ಕೆ ಅವಳ ಬುದ್ಧಿ ಕೆಟ್ಟಿತೋ ಏನೋ.

ಏಪ್ರಿಲ್ 4, ಶುಕ್ರವಾರ

ಬೀದಿಗೆಲ್ಲ ಒಮ್ಮೆಲೇ ಶುಚಿಯ ಹುಚ್ಚು ಹಿಡಿದಿದೆ. ಗುಂಡಿ ಅಜ್ಜಿಯೂ ಕಿಟಕಿಗೆ ಒದ್ದೆ ಬಟ್ಟೆ ಸುತ್ತಿದ್ದಾಳೆ. ಬೇಕರಿ ಅಕ್ಕ ಕೂಡ. ನಾನು ಹೋದರೆ ಮಾತು ನಿಲ್ಲಿಸುತ್ತಾರೆ. ನನ್ನ ಮೇಲೆ ಸಿಟ್ಟಿರಬೇಕು. ಇಡೀ ಬೀದಿಯ ಮಾನವನ್ನು ಪರದೆಗೆ ಏರಿಸಿದವಳಲ್ಲವೇ.

ದರ್ಜಿ ಅಕ್ಕ ಬಂದಿದ್ದಳು. ತನ್ನ ಕೋಣೆಯಲ್ಲಿ ಇಬ್ಬರಿಗೂ ಜಾಗವಿದೆ, ಇವತ್ತೇ ಬನ್ನಿ ಅಂದಳು. ಅಮ್ಮ ಹೊರಗೆ ಹಗ್ಗದ ಕಡೆ ನೋಡಿ, "ಇವತ್ತು ಒಗೆದ ಬಟ್ಟೆ ಇನ್ನೂ ಒಣಗಿಲ್ವಲ್ಲಮ್ಮಾ," ಅಂದಳು.

ಸಿಟ್ಟು ಬರಬೇಕಿತ್ತು. ಹೆಣ್ಣಿನ ಗುಲಾಮಗಿರಿಯ ಬಗ್ಗೆ ನನಗೆ ಒಂದು ಇಡೀ ಕರಪತ್ರ ಬಾಯಿಪಾಠ ಬರುತ್ತದೆ. ಒಂದು ವಾಕ್ಯವೂ ನೆನಪಾಗಲಿಲ್ಲ. ನಾನೂ ಬಟ್ಟೆಯ ಕಡೆ ನೋಡಿದೆ.

ಏಪ್ರಿಲ್ 5, ಶನಿವಾರ

ನಾಳೆ.

ಏಪ್ರಿಲ್ 6, ಭಾನುವಾರ

ಬದುಕಿದ್ದೇನೆ. ಅಮ್ಮನೂ.

ಬೆಳಿಗ್ಗೆ ಅಪ್ಪ ಎಂದಿನಂತೆ ಎಣ್ಣೆ ಶೀಶೆ, ಗರಿ ಹಿಡಿದು ಹೊರಟರು. ಅಷ್ಟು ಬೇಗ ವಾಪಸು ಬಂದದ್ದು ಇದೇ ಮೊದಲು. ಯಾವ ಮನೆಯಲ್ಲೂ ಎಣ್ಣೆ ಹಾಕಿಸಿಕೊಳ್ಳಲಿಲ್ಲವಂತೆ. "ಈ ವಾರ ಬೇಡ ಮೇಸ್ತ್ರಿ, ಈಗಿನ್ನೂ ತೊಳೆದಿದೀವಿ," ಅಂದರಂತೆ. ಅದನ್ನು ಹೇಳುವಾಗ ಅಪ್ಪ ಗರಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

ಊಟವಾಯಿತು. ಅಪ್ಪ ಕೈ ತೊಳೆದುಕೊಂಡರು. ಗಡಿಯಾರ ಬಿಚ್ಚಿದರು. ಗೂಡಿನಲ್ಲಿ ಇಟ್ಟರು.

"ಕಿಟಕಿ ಹಾಕು."

ಅಮ್ಮ ಎದ್ದಳು. ನಾನು ಅವಳ ಸೆರಗು ಹಿಡಿದುಕೊಂಡೆ. ಅವಳು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಹೋಗಿ ಕಿಟಕಿಯ ಬಾಗಿಲು ಹಿಡಿದು ಎಳೆದಳು.

ಅದು ಕಿರುಚಿತು. ಕಿರ್ರ್ರ್ ಎಂದು, ಬಾಲ ತುಳಿದ ಬೆಕ್ಕಿನ ಹಾಗೆ, ಬೀದಿಯ ಆ ತುದಿಯವರೆಗೆ. ಅಮ್ಮ ಅವಸರ ಮಾಡಲಿಲ್ಲ. ನಿಧಾನವಾಗಿ, ಇಡೀ ಕಿರುಚು ಮುಗಿಯುವವರೆಗೆ ಎಳೆದಳು. ಬೀಗದ ಮೇಸ್ತ್ರಿಯ ಮನೆಯ ಕೀಲಿಗೆ ತುಕ್ಕು!

"ಏನಿದು?" ಅಪ್ಪ ಒಂದು ಹೆಜ್ಜೆ ಮುಂದೆ ಬಂದರು.

ಬಾಗಿಲು ತಟ್ಟಿದ ಸದ್ದು. ಗುಂಡಿ ಅಜ್ಜಿ, ಕೈಯಲ್ಲಿ ಬಟ್ಟಲು.

"ಮೇಸ್ತ್ರೀ, ಒಂಚೂರು ಉಪ್ಪು ಕೊಡಿಸಪ್ಪಾ. ಒಲೆ ಮೇಲೆ ಇಟ್ಟು ಬಂದಿದೀನಿ, ಡಬ್ಬಿ ನೋಡಿದ್ರೆ ಖಾಲಿ."

ಅಪ್ಪನ ಮುಖಕ್ಕೆ ನಗು ಬಂತು. ಬೀದಿಯವರಿಗೆ ಅಂತ ಇಟ್ಟಿರುವ ನಗು. "ಅದಕ್ಕೇನಂತೆ ಅಜ್ಜಿ, ಬನ್ನಿ." ಅಮ್ಮ ಉಪ್ಪು ಕೊಟ್ಟಳು. ಅಜ್ಜಿ ಮಂಡಿನೋವಿನ ಪುರಾಣ ತೆಗೆದಳು, ಮುಗಿಸಿದಳು, ಹೋದಳು. ಅಪ್ಪ ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಮತ್ತೆ ಸದ್ದು. ಬೇಕರಿ ಅಕ್ಕ.

"ಅಣ್ಣಾ, ದೊಡ್ಡ ಸೂಜಿ ಇದ್ಯಾ? ಗೋಣಿಚೀಲ ಹರಿದಿದೆ."

ಅವಳು ಹೋದಳು. ನೀರಿನ ತೊಟ್ಟಿ ಪಕ್ಕದ ಮನೆಯವಳು ಬೆಂಕಿಪೊಟ್ಟಣಕ್ಕೆ ಬಂದಳು. ಆಮೇಲೆ ಅವಳ ನಾದಿನಿ, ಅತ್ತಿಗೆಯನ್ನು ಹುಡುಕಿಕೊಂಡು. ಆಮೇಲೆ ಮತ್ತೆ ಅಜ್ಜಿ. "ಉಪ್ಪು ಸಾಲ್ದು ಕಣಪ್ಪಾ. ಈಗಿನ ಉಪ್ಪಲ್ಲಿ ಉಪ್ಪೇ ಇಲ್ಲ!"

ನನಗೆ ನಗು ಬರಲಿಲ್ಲ. ಅಪ್ಪನ ನಗು ಪ್ರತಿ ಸಲವೂ ಸ್ವಲ್ಪ ತಡವಾಗಿ ಬರುತ್ತಿತ್ತು, ಹೋಗುವಾಗ ಸ್ವಲ್ಪ ಬೇಗ ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತ ಗೋಡೆಗೆ ಒರಗಿ ನಿಂತಿದ್ದೆ. ಕಡೆಗೆ ಅಪ್ಪ ಬಾಗಿಲನ್ನು ಹಾಕುವುದನ್ನೇ ಬಿಟ್ಟರು. ಅದು ತೆರೆದೇ ಉಳಿಯಿತು. ಗೂಡಿನಿಂದ ಗಡಿಯಾರ ತೆಗೆದು ಕಟ್ಟಿಕೊಂಡರು. ಕೊಂಡಿ ಸಿಗಲಿಲ್ಲ, ಬೆರಳು ತಪ್ಪುತ್ತಿತ್ತು.

"ಏನಾಗಿದೆ ಈ ಬೀದಿಗೆ ಇವತ್ತು?" ಅಂದು ಹೊರಗೆ ಹೋದ.

ಹೆಂಗಸರಿಗೆ ಇವತ್ತೇ ಉಪ್ಪು, ಬೆಂಕಿಪೊಟ್ಟಣ ಎಲ್ಲವೂ ಮುಗಿದುಹೋಗಿದ್ದು ನಮ್ಮ ಪುಣ್ಯ. ಆದರೆ ಇದನ್ನು ನಂಬಿ ಕೂರುವಂತಿಲ್ಲ. ಭಾನುವಾರ ಅಂದಿದ್ದ, ಯಾವ ಭಾನುವಾರ ಅಂತ ಹೇಳಿರಲಿಲ್ಲ.

ಏಪ್ರಿಲ್ 9, ಬುಧವಾರ

ಅಪ್ಪ ಕಿಟಕಿಯ ಕೀಲಿಗೆ ಎಣ್ಣೆ ಹಾಕಿದ. ಅವನು ಅಂಗಡಿಗೆ ಹೋದ ಮೇಲೆ ಅಮ್ಮ ತೊಳೆದಳು. ಉಪ್ಪಿನ ನೀರನ್ನು ನಾನು ಕಲಸಿಕೊಟ್ಟೆ.

ಅವನಿಗೆ ಗೊತ್ತು. ಕೀಲನ್ನು ಮುಟ್ಟಿ, ಬೆರಳನ್ನು ನಾಲಿಗೆಗೆ ತಾಗಿಸಿ ನೋಡಿದ. ಆದರೂ ಬೀದಿಯ ಎಲ್ಲ ಕಿಟಕಿಗಳೂ ಈಗ ಹಾಡುತ್ತವೆ. ತನ್ನೊಬ್ಬನ ಮನೆಯದನ್ನು ಸುಮ್ಮನಿರಿಸಿ ಏನು ಮಾಡಿಯಾನು?

ಏಪ್ರಿಲ್ 15, ಮಂಗಳವಾರ

ನಿರ್ದೇಶಕರು ಪ್ರೆಸ್ಸಿಗೇ ಬಂದಿದ್ದರು, ಕೈಯಲ್ಲಿ ಪತ್ರಿಕೆ. ಧಾರಾವಾಹಿಯ ಬಗ್ಗೆ ಯಾರೋ ದೊಡ್ಡ ವಿಮರ್ಶಕರು ಬರೆದಿದ್ದಾರೆ. ಉಡುಪು, ಬೀದಿ, ದೀಪ ಎಲ್ಲವೂ ಆ ಕಾಲದ್ದೇ ಅನ್ನಿಸುತ್ತವಂತೆ. ಆದರೆ "ಪೆಟ್ಟು ತಿನ್ನುವ ಹೆಣ್ಣು ತಾನೇ ಎದ್ದು ಕಿಟಕಿ ಮುಚ್ಚುತ್ತಾಳೆಂಬುದು ಕಥೆಗಾರರ ಅತಿಯಾದ ಕಲ್ಪನೆ, ವಾಸ್ತವಕ್ಕೆ ದೂರ."

"ನೀನೇ ಒಂದು ಉತ್ತರ ಬರಿ. ನಾನು ಅಚ್ಚು ಹಾಕಿಸ್ತೀನಿ," ಅಂದರು. ಅವರಿಗೆ ನಿಜಕ್ಕೂ ನೋವಾಗಿತ್ತು.

"ಬಿಡುವಿಲ್ಲ ಸಾರ್," ಅಂದೆ. ಸುಳ್ಳಲ್ಲ. ಹೋಗುವ ದಾರಿಯಲ್ಲಿ ಉಪ್ಪು ಕೊಳ್ಳಬೇಕಿತ್ತು, ಅಪ್ಪ ಬರುವುದರೊಳಗೆ ಮನೆ ಸೇರಬೇಕಿತ್ತು. ಅವರು ಆ ಪತ್ರಿಕೆಯನ್ನು ಬಿಟ್ಟು ಹೋದರು. ಉಪ್ಪನ್ನು ಅದರಲ್ಲೇ ಕಟ್ಟಿಕೊಂಡೆ.

ಏಪ್ರಿಲ್ 17, ಗುರುವಾರ

ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ಬೆಳಕಿದೆ. ಅಪ್ಪ ಬೇಗ ಬಂದಿದ್ದಾನೆ, ಬಾಗಿಲಿಗೆ ಅಡ್ಡವಾಗಿ ಆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಬೀದಿಯವರು ಯಾರೂ ಒಳಗೆ ಬರಬಾರದೆಂದೋ, ನಾವು ಹೊರಗೆ ಹೋಗಬಾರದೆಂದೋ. ಗಡಿಯಾರ ಕೈಯಲ್ಲೇ ಇದೆ. ಇಣುಕಿ ಇಣುಕಿ ನೋಡುತ್ತಿದ್ದೇನೆ. ಕೈಯಲ್ಲೇ ಇದೆ.

ಕಿಟಕಿಯ ಸದ್ದು. ನಮ್ಮದಲ್ಲ. ಮೂಲೆಯ ಕಡೆಯಿಂದ. ಬೇಕರಿ ಅಕ್ಕನದು.

ಅವಳ ಗಂಡ ದಿನಕ್ಕೆ ಮೂಟೆಗಟ್ಟಲೆ ಹಿಟ್ಟು ನಾದುವವನು. ಅವನ ಮುಂಗೈ ನನ್ನ ತೊಡೆಯಷ್ಟು ದಪ್ಪ. ಗುಂಡಿ ಅಜ್ಜಿಗೆ ಎರಡು ದಿನದಿಂದ ಮಂಡಿ ಊದಿದೆ, ಎದ್ದು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬೇರೆ ಯಾರಾದರೂ ಹೋಗುತ್ತಾರೆ. ಹೋಗುತ್ತಾರೆ. ಬೀದಿಯಲ್ಲಿ ಹೆಜ್ಜೆಯ ಸದ್ದೇ ಇಲ್ಲ.

ಅಮ್ಮ ಒಂದು ಖಾಲಿ ಬಟ್ಟಲು ತಂದು ನನ್ನ ಮುಂದಿಟ್ಟಿದ್ದಾಳೆ.

ಅಲ್ಲಿಗೆ ಹೋಗಬೇಕಾದರೆ ಮೊದಲು ಈ ಕುರ್ಚಿಯನ್ನು ದಾಟಬೇಕು. ಉಪ್ಪು ತರಬೇಕು ಅನ್ನುವಂತಿಲ್ಲ, ನಮ್ಮ ಮನೆಯಲ್ಲಿ ಉಪ್ಪು ಬೇಕಾದಷ್ಟಿದೆ ಎಂದು ಅವನಿಗೆ ಗೊತ್ತು.

ಸಕ್ಕರೆ ಅನ್ನುತ್ತೇನೆ.